ಮೂಟೆ ಹೋದ ಮೇಲಿನ ಹಾಡು

ಹತ್ತು ಇಂಚಿನ ಸ್ಪೀಕರನ್ನೇ ತರಬೇಕಿತ್ತೇನೋ. ಹಾಲ್ ಚಿಕ್ಕದು, ಎಂಟು ಇಂಚು ಸಾಕು ಎಂದು ಸಕಲೇಶಪುರದ ಅಂಗಡಿಯವನು ಹೇಳಿದ್ದನ್ನು ನಂಬಿದ್ದು ತಪ್ಪಾಯಿತೇ? ಅಥವಾ ಇದನ್ನು ಕೊಂಡದ್ದೇ ತಪ್ಪೇ? ತನ್ನೂರು ಹಾನುಬಾಳು ತಲುಪುವವರೆಗೂ ಅಭಿಲಾಷ್ ಇದನ್ನೇ ಯೋಚಿಸುತ್ತಿದ್ದ. ಜೀಪಿನ ಹಿಂದಿನ ಸೀಟಿನಲ್ಲಿ ಸಬ್‌ವೂಫರ್ ಪೆಟ್ಟಿಗೆ ತಿರುವಿಗೊಮ್ಮೆ ಜರುಗುತ್ತಿತ್ತು.

ಅವನ ಹೆಂಡತಿ ಶಿವಲೀಲಾಗೆ ಕಿವಿ ಮಂದವಾಗುತ್ತಿತ್ತು. ಏರಿದ ಸ್ವರಗಳು ಮೊದಲು ಹೋಗುತ್ತವೆ, ತಗ್ಗಿನವು ಇನ್ನಷ್ಟು ಕಾಲ ಉಳಿಯಬಹುದು ಎಂದು ಹಾಸನದ ವೈದ್ಯರು ಹೇಳಿದ್ದರು. ಮಕ್ಕಳಿಗೆ ವಚನ ಹಾಡಲು ಕಲಿಸುತ್ತಿದ್ದವಳು ಅವಳು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಮುಖ ಸಿಂಡರಿಸುತ್ತಿದ್ದಳು. ತಗ್ಗಿನ ನಾದವನ್ನಷ್ಟೇ ಹೊರಡಿಸುವ ಈ ಪೆಟ್ಟಿಗೆಯಿಂದ ಹಾಡಿನ ಒಂದು ಭಾಗವಾದರೂ ಅವಳಿಗೆ ದಕ್ಕೀತು ಎಂಬುದು ಅವನ ಆಸೆ.

ಪೆಟ್ಟಿಗೆಗೆ ಜಾಗ ಹುಡುಕುವ ಉಪಾಯವನ್ನು ಅಂಗಡಿಯವನೇ ಹೇಳಿಕೊಟ್ಟಿದ್ದ. ಕೇಳುವವರ ಕುರ್ಚಿಯ ಮೇಲೆ ಅದನ್ನಿಟ್ಟು, ಹಾಡು ಹಾಕಿ, ಕಿವಿಯನ್ನು ನೆಲದ ಹತ್ತಿರ ತಂದು ಕೋಣೆಯೆಲ್ಲ ಸುತ್ತಬೇಕು. ನಾದ ಎಲ್ಲಿ ತಿಳಿಯಾಗಿ ಕೇಳುತ್ತದೋ ಅದೇ ಪೆಟ್ಟಿಗೆಯ ಜಾಗ. ಅಭಿಲಾಷ್ ಅಂಬೆಗಾಲಿಟ್ಟ. ಹಾಲ್‌ನ ಅರ್ಧದಷ್ಟು ಕಾಫಿ ಮೂಟೆಗಳಿದ್ದವು. ಬೆಲೆ ಏರಿದ ಮೇಲೆ ಕಳವು ಹೆಚ್ಚಿ, ಊರವರೆಲ್ಲ ತೋಟದ ಸ್ಟೋರ್ ಬಿಟ್ಟು ಮನೆಯೊಳಗೇ ಮೂಟೆ ಜೋಡಿಸಿಕೊಂಡಿದ್ದರು.

"ಏನ್ರೀ ಕಳ್ಕೊಂಡ್ರಿ?" ಶಿವಲೀಲಾ ನಕ್ಕಳು.

ಅವನು ಎದ್ದು ಅವಳ ಎಡಗಿವಿಯ ಬಳಿ ಕೂಗಿದ. "ಮಾನ ಕಣೇ!"

"ಅದಾ? ಅದು ಮದ್ವೆ ದಿನಾನೇ ಹೋಯ್ತಲ್ಲ."

ಮೂಟೆಗಳ ಪಕ್ಕದ ಮೂಲೆಯಲ್ಲಿ ನಾದ ಒಪ್ಪವಾಗಿ ಬಂತು. ಅಲ್ಲಿಟ್ಟು, ಮನೆಯಲ್ಲಿದ್ದ ಹಳೆಯ ಸ್ಪೀಕರುಗಳಿಗೆ ಜೋಡಿಸಿ, ಗುಂಡಿ ತಿರುಗಿಸಿ ಹದ ಮಾಡಿದ. ವಚನದ ದನಿ ಮೇಲೆ, ತಂಬೂರಿಯ ಮಂದ್ರ ತಂತಿ ಕೆಳಗೆ, ಎರಡೂ ಬೇರೆಬೇರೆಯಾಗಿ ಕೇಳಿದವು.

"ಕೇಳ್ತೈತಾ?"

"ಸ್ವಲ್ಪ ಸ್ವಲ್ಪ," ಎಂದಳು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಮುಂದಿನ ವಾರ ವ್ಯಾಪಾರಿಯ ಲಾರಿ ಬಂತು. ಮೂಟೆ ಎತ್ತಲು ಕೈಹಾಕಿದ ಪಕ್ಕದ ತೋಟದ ಬಸವಯ್ಯ ಪೆಟ್ಟಿಗೆ ನೋಡಿ, "ಏನ್ ಮಾರಾಯ, ಈ ಸಲ ಗಣಪತಿ ಮನೇಲೇ ಕೂರಿಸ್ತೀಯಾ?" ಎಂದು ರೇಗಿಸಿದ. ಅಭಿಲಾಷ್ ನಕ್ಕು ಮೂಟೆಯ ಇನ್ನೊಂದು ತುದಿ ಹಿಡಿದ.

ಸಂಜೆ ಬರಿದಾದ ಹಾಲ್‌ನಲ್ಲಿ ಅದೇ ವಚನ ಹಾಕಿ, ಮೊದಲ ಸಾಲಿಗೇ ಬೆಚ್ಚಿದ. ಇಷ್ಟು ದಿನ ದಪ್ಪ ಸದ್ದನ್ನು ಹೀರಿಕೊಂಡು ಹದದಲ್ಲಿಟ್ಟಿದ್ದವು ಆ ಮೂಟೆಗಳು. ಈಗದು ಬೋಳು ಗೋಡೆಗಳಿಗೆ ಬಡಿದು ಗುಂಯ್‌ಗುಡುತ್ತಿತ್ತು. ಕಿಟಕಿಯ ಗಾಜು ಅದುರುತ್ತಿತ್ತು. ಹಾಡಿನ ದನಿ ಅದರಡಿ ಹೂತುಹೋಗಿ, ಕಿವಿಗೊಟ್ಟರಷ್ಟೇ ಸಾಲು ಯಾವುದೆಂದು ತಿಳಿಯುತ್ತಿತ್ತು. ಹಿಂದಿನ ಶಿವಲೀಲಾ ಆಗಿದ್ದರೆ ಎದ್ದು ಬಂದು ಪ್ಲಗ್ಗನ್ನೇ ಕೀಳುತ್ತಿದ್ದಳು. ಅವನು ಗುಂಡಿಯತ್ತ ಕೈ ಚಾಚಿದ.

"ಮುಟ್ಬೇಡ್ರೀ."

ಅವಳು ಎರಡೂ ಅಂಗೈಗಳನ್ನು ಕುರ್ಚಿಯ ಕೈಗಳಿಗೆ ಒತ್ತಿ ಹಿಡಿದಿದ್ದಳು. ಮುಖ ಅರಳಿತ್ತು.

"ಇವತ್ತು ಎಷ್ಟ್ ಚೆನ್ನಾಗ್ ಬರ್ತೈತೆ! ಒಂದೊಂದ್ ಮಾತೂ ಬಿಡಿಬಿಡಿಯಾಗಿ ಕೇಳ್ತೈತೆ. ಅಲ್ವಾ?"

ಅವಳ ತುಟಿ ಸದ್ದಿಲ್ಲದೆ ವಚನ ಹೇಳುತ್ತಿತ್ತು. ಹಾಡು ಇನ್ನೂ ಎರಡನೆಯ ಸಾಲಿನಲ್ಲಿತ್ತು. ಅವಳು ಆಗಲೇ ಕೊನೆಯ ಸಾಲಿಗೆ ಬಂದಿದ್ದಳು.

"ಹೂಂ ಕಣೇ," ಎಂದು ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಆಮೇಲೂ ಸಂಜೆಗಳಲ್ಲಿ ಇಬ್ಬರೂ ಕೂತು ಅದನ್ನು ಕೇಳಿದರು. ಹಾಡು ಕೆಟ್ಟುಹೋಗಿದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.