ಹೋಗ್ತಾ ಒಂದು, ಬರ್ತಾ ಎರಡು

"ಹೋಗ್ತಾ ಒಂದು ಗಂಟೆ, ಬರ್ತಾ ಎರಡು ಗಂಟೆ! ಯಾರಿಗಮ್ಮ ಟೋಪಿ ಹಾಕ್ತೀಯ?"

ಬೆಲ್ಲದ ವ್ಯಾಪಾರಿ ಸಿದ್ದಲಿಂಗಸ್ವಾಮಿ ಟಿಕೆಟ್ ವಿವರದ ಹಾಳೆಯನ್ನು ಮೂಟೆಯ ಮೇಲೆ ಎಸೆದರು. ಮಂಡಿ ಮೊಹಲ್ಲಾದ ಅವರ ಅಂಗಡಿಯಲ್ಲಿ ತೂಕ ಮಾಡುತ್ತಿದ್ದವರೂ ತಿರುಗಿ ನೋಡಿದರು. ಸುಷ್ಮಿತಾ ಹಾಳೆ ಎತ್ತಿಕೊಂಡಳು. ಸರಸ್ವತಿಪುರಂನ ಟ್ರಾವೆಲ್ಸ್ ಆಫೀಸಿನಲ್ಲಿ ಅವಳ ಮೂರು ತಿಂಗಳ ಟ್ರಯಲ್ ಅಂದಿಗೆ ಮುಗಿಯುತ್ತಿತ್ತು. ಸ್ವಾಮಿಯವರ ಮನೆಯ ಹನ್ನೊಂದು ಜನರ ಕೊಲಂಬೊ-ಮಾಲೆ ಟೂರು ಕುದುರಿದರೆ ಕೆಲಸ ಕಾಯಂ, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದು ಮಾಲೀಕ ಮಹೇಶ್ ಬೆಳಿಗ್ಗೆಯೇ ಹೇಳಿದ್ದ.

"ಸರ್, ಕೊಲಂಬೊದಿಂದ ಮಾಲೆಗೆ ಸುಮಾರು ಏಳ್ನೂರೆಪ್ಪತ್ತು ಕಿಲೋಮೀಟ್ರು. ಹೋಗೋಕೂ ಒಂದೂವರೆ ಗಂಟೆ, ಬರೋಕೂ ಒಂದೂವರೆ. ಎರಡೂ ದ್ವೀಪನೇ, ಟೈಮು ಮಾತ್ರ ಬೇರೆ. ಮಾಲೆ ಗಡಿಯಾರ ಅರ್ಧ ಗಂಟೆ ಹಿಂದೆ."

"ಹತ್ತಕ್ಕೆ ಬಿಟ್ಟು ಹನ್ನೊಂದಕ್ಕೆ ಸೇರ್ತದೆ, ನಾಲ್ಕಕ್ಕೆ ಬಿಟ್ಟು ಆರಕ್ಕೆ ಬತ್ತದೆ ಅಂತ ಇಲ್ಲೇ ಬರ್ದದಲ್ಲ! ಬರ್ತಾ ಯಾವ್ದೋ ಡಕೋಟ ವಿಮಾನ ಹತ್ತಿಸ್ತೀರ. ಬುಡಮ್ಮ, ಬೇರೆ ಕಡೆ ನೋಡ್ಕತೀನಿ." ಊಟಕ್ಕೆ ಮನೆಗೆ ಹೊರಡಲು ಅವರು ಚಪ್ಪಲಿ ಮೆಟ್ಟಿದರು.

"ಇಂಟರ್ವಲ್ಲೇ ಆಗಿಲ್ಲ, ಆಗ್ಲೇ ಶುಭಂ ಬೋರ್ಡ್ ಹಾಕ್ತೀರಲ್ಲ ಸರ್!" ಎಂದವಳ ಕಣ್ಣು ಗೋಡೆಯ ಗಡಿಯಾರದ ಮೇಲೆ ನಿಂತಿತು. ಒಂದೂವರೆ. ಅವಳ ಮೊಬೈಲಿನಲ್ಲಿ ಒಂದು. "ಇದೇನ್ ಸರ್, ಮುಂದೆ ಓಡ್ತಿದೆ?"

"ಓಡ್ತಿಲ್ಲ, ನಾನೇ ಇಟ್ಟಿರೋದು. ಅರ್ಧ ಗಂಟೆ ಮುಂದಿಟ್ರೇನೇ ಲೋಡು ಹೊತ್ತಿಗೆ ಸರಿಯಾಗಿ ಹೊರಡೋದು. ಇಪ್ಪತ್ತು ವರ್ಷದಿಂದ ಇದೇ ನನ್ನ ಟೈಮು."

ಸುಷ್ಮಿತಾ ತುಟಿ ಕಚ್ಚಿ ನಗು ತಡೆದಳು. "ನಡೀರಿ ಸರ್, ನಾನೂ ಬರ್ತೀನಿ. ಕ್ಲೈಮ್ಯಾಕ್ಸ್ ನಿಮ್ಮನೇಲಿದೆ."

ಹತ್ತು ನಿಮಿಷ ನಡೆದು ಮನೆ ಹೊಕ್ಕಾಗ ಸ್ವಾಮಿಯವರ ಹೆಂಡತಿ ಪ್ರೇಮಲೀಲಾ ತಟ್ಟೆ ಇಡುತ್ತಿದ್ದರು. ಟೀವಿ ನೋಡಿ ಅವರು ಸರಿಯಾಗಿಟ್ಟಿದ್ದ ಹಜಾರದ ಗಡಿಯಾರದತ್ತ ಸುಷ್ಮಿತಾ ಕೈ ತೋರಿಸಿದಳು. ಒಂದು ಹತ್ತು.

"ಒಂದೂವರೆಗೆ ಅಂಗಡಿ ಬಿಟ್ಟೋರು ಒಂದು ಹತ್ತಕ್ಕೆ ಮನೆ ಸೇರಿದ್ರಿ. ನಿಮ್ಮ ಮುಂದೆ ವಿಮಾನ ಯಾವ ಲೆಕ್ಕ ಸರ್?"

ಸ್ವಾಮಿಯವರು ಗಡಿಯಾರ ನೋಡಿದರು, ತಮ್ಮ ಕಾಲು ನೋಡಿಕೊಂಡರು. "ಹಂಗಾರೆ... ಕೊಲಂಬೊ ನಮ್ಮಂಗಡಿ, ಮಾಲೆ ನಮ್ಮನೆ?"

"ಹೂಂ ಸರ್. ವಾಪಸ್ ಹೋಗ್ತಾ ಅದೇ ಹತ್ತು ನಿಮಿಷದ ದಾರಿಗೆ ನಲವತ್ತು ನಿಮಿಷ. ಡಕೋಟ ಚಪ್ಪಲಿ!"

ಪ್ರೇಮಲೀಲಾ ಸೆರಗು ಬಾಯಿಗೊತ್ತಿಕೊಂಡು ನಕ್ಕುಬಿಟ್ಟರು. "ಅದಕ್ಕೇ ಕಣಮ್ಮ! ಎರಡಾಗ್ತಾ ಬಂತು, ಇನ್ನೂ ತಟ್ಟೆ ಹಾಕಿಲ್ವಾ ಅಂತ ದಿನಾ ಬಯ್ಯೋರು. ನಾನೂ ಇಪ್ಪತ್ತು ವರ್ಷ ಬಯ್ಯಿಸ್ಕೊಂಡೆ ನೋಡು."

ಸ್ವಾಮಿಯವರು ಬೀರು ತೆಗೆದು ಪಾಸ್‌ಪೋರ್ಟುಗಳ ಕಟ್ಟು ತಂದಿಟ್ಟರು. "ಗೆದ್ಬುಟ್ಟೆ ಕಣಮ್ಮ. ತಗೊಂಡೋಗು."

ಕೆಲಸ ಕಾಯಂ! ಸುಷ್ಮಿತಾ ಇಲ್ಲದ ಕಾಲರನ್ನು ಎತ್ತಿಕೊಂಡು, ಒಂದೊಂದೇ ಹೆಸರು ಓದಿದಳು. "ಇದ್ರಲ್ಲಿ ಅಮ್ಮೋರ್ದು ಇಲ್ವಲ್ಲ ಸರ್?"

"ಮನೆ ನೋಡ್ಕಳಕ್ಕೆ ಒಬ್ರು ಬೇಕಲ್ಲ."

"ಮನೆಗೆ ಬೀಗ ಐತೆ," ಎಂದು ಪ್ರೇಮಲೀಲಾ ಒಳಗೆ ಹೋದರು.

ರೇಷ್ಮೆ ಸೀರೆಗಳ ಮಡಿಕೆಯಿಂದ ತೆಗೆದ ಪಾಸ್‌ಪೋರ್ಟಿಗೆ ನುಸಿಗುಳಿಗೆಯ ವಾಸನೆಯಿತ್ತು. ಅದನ್ನು ಸೆರಗಿನಿಂದ ಒರೆಸಿ, ಹನ್ನೊಂದರ ಮೇಲಿಟ್ಟು, ಅಂಚು ಸರಿಮಾಡಿದರು. ಆಮೇಲೆ ಇನ್ನೊಂದು ತಟ್ಟೆ ತಂದು ಸುಷ್ಮಿತಾಳ ಮುಂದಿಟ್ಟು, ಹಬೆಯಾಡುವ ಅನ್ನಕ್ಕೆ ಸೌಟು ಹಾಕಿದರು.