ಚತುರ್ಥಿ ವಿಭಕ್ತಿಯ ನಗು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಮೂವತ್ತೊಂದು ವರ್ಷ ಬಸವಕಲ್ಯಾಣದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು, ಅಸ್ಗರಿ ಟೀಚರ್. "ನೀವು ಮುಸಲ್ಮಾನ್ರು, ಕನ್ನಡ ಹ್ಯಾಂಗ ಇಷ್ಟು ಛಲೋ ಮಾತಾಡ್ತೀರಿ?" ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನೆತ್ತಿ ಕಾಯುತ್ತದೆ. ನಮ್ಮಜ್ಜನ ಅಜ್ಜನೂ ಇದೇ ಕೋಟೆಯ ಬುಡದಲ್ಲಿ ಹುಟ್ಟಿದವನು, ನಾನೇನು ನಿನ್ನೆಯ ಬಸ್ಸಿಗೆ ಬಂದಿಳಿದವಳೇ? ಇರಲಿ ಬಿಡಿ. ಕತೆ ನನ್ನ ಸಿಟ್ಟಿನದಲ್ಲ, ರೂಪಾಲಿಯ ನಗುವಿನದು.

ರೂಪಾಲಿ ಪಕ್ಕದ ಮನೆಯ ಸೋನುಬಾಯಿಯ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ಏಳನೆಯ ತರಗತಿಯಲ್ಲಿದ್ದಾಗ ಒಂದು ದಿನ ಪ್ರಾರ್ಥನೆಯ ನಡುವೆ ಕಿಸಕ್ಕೆಂದಳು. ಕಿವಿ ಹಿಡಿದು, "ಯಾಕ ನಕ್ಕಿ?" ಎಂದೆ.

"ನಾ ನಕ್ಕಿಲ್ರಿ ಟೀಚರ್. ನನಗ ನಗು ಬಂತ್ರಿ."

ನಾನು ಕಿವಿ ಬಿಟ್ಟೆ. ಹಿಂದಿನ ದಿನವಷ್ಟೇ ವಿಭಕ್ತಿಯ ಪಾಠ ಮುಗಿಸಿದ್ದೆ. 'ನಾನು' ಎಂದರೆ ಪ್ರಥಮಾ ವಿಭಕ್ತಿ, ಕೆಲಸ ಮಾಡುವವರದು. 'ನನಗೆ' ಎಂದರೆ ಚತುರ್ಥಿ, ಏನೋ ಬಂದಾಗ ಸುಮ್ಮನೆ ಕೈಯೊಡ್ಡುವವರದು. 'ನನಗೆ ನಗು ಬಂತು' ಎಂಬ ವಾಕ್ಯದಲ್ಲಿ ಬಂದದ್ದು ನಗು, ಆದ್ದರಿಂದ ಕರ್ತೃ ನಗುವೇ. ಹುಡುಗಿಯ ವ್ಯಾಕರಣ ಶುದ್ಧವಾಗಿತ್ತು. ಖುಷಿಯಾಗಿ ಬೆನ್ನು ತಟ್ಟಿದೆ. ಅವತ್ತು ತಟ್ಟುವ ಬದಲು ಒಂದು ಬಿಗಿದಿದ್ದರೆ ಮುಂದಿನ ಫಜೀತಿ ಯಾವುದೂ ಆಗುತ್ತಿರಲಿಲ್ಲ.

ಈಗ ಅವಳಿಗೆ ಇಪ್ಪತ್ತಾರು. ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅಲ್ಲೇ ಮಷೀನು ರಿಪೇರಿ ಮಾಡುವವನು ಹುಡಗಿಯ ಅಶೋಕಕುಮಾರ. ಹುಡಗಿ ಎಂದರೆ ಊರು ಮಾರಾಯರೆ, ಹುಡುಗಿ ಅಲ್ಲ. ಒಂದು ಕೊಂಬಿನ ಫರಕು. ಇಬ್ಬರೂ ಒಂದು ವರ್ಷ ಊಟದ ಡಬ್ಬಿ ಹಂಚಿಕೊಂಡರು. ಕೊನೆಗೊಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನು ಕೇಳಿದ, ಇವಳು "ನನಗೂ ಮನಸಾಗ್ಯಾದ" ಎಂದಳು. ಆ ಮಾತನ್ನು ನನ್ನ ಮುಂದೆ ಬಂದು ಹೇಳುವಾಗ ಕಿವಿತನಕ ಕೆಂಪಾಗಿದ್ದಳು. ಎರಡೂ ಮನೆಯವರು ಒಪ್ಪಿದರು.

ಸೀರೆ ಉಡಿಸಿ ಕುಂಕುಮ ಹಚ್ಚುವ ದಿನ ಬಂತು. ಗಂಡಿನ ತಂದೆ ಕಾಶಿರಾಮ ಹೆಂಡತಿಯನ್ನು ಕಳೆದುಕೊಂಡು ವರ್ಷವಾಗಿತ್ತು. ಸೋನುಬಾಯಿಯ ಪಡಸಾಲೆಯಲ್ಲಿ ಎಲ್ಲರೂ ಕುಳಿತ ಮೇಲೆ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು.

"ದೇಹ ಮಣ್ಣಿಗಿ ಹೋತು, ಖರೆ. ಜೀವ ಎಲ್ಲಿ ಹೋಗ್ತದ? ನಮ್ಮಾಕಿ ಇವತ್ತ ಮ್ಯಾಲಿಂದ ಸೊಸಿನ್ನ ನೋಡಾಕತ್ತಾಳ." ಹೀಗೆಂದು ಕಣ್ಣು ಮುಚ್ಚಿ ಮೇಲೆ ಬೆಳಕಿಂಡಿಯ ಕಡೆ ಬೆರಳು ತೋರಿಸಿದರು.

ರೂಪಾಲಿ ನೋಡಿದಳು. ನಾನೂ ನೋಡಿದೆ. ಬೆಳಕಿಂಡಿಯಿಂದ ಕೋಟೆಯ ಕಡೆಯ ಕರಿಮೂತಿಯ ಮಂಗವೊಂದು ತಲೆ ಹಾಕಿತ್ತು. ಎರಡೂ ಗಲ್ಲ ಉಬ್ಬಿಸಿಕೊಂಡು ಶೇಂಗಾ ತಿನ್ನುತ್ತ, ಸಿಪ್ಪೆ ಉಗುಳುತ್ತ, ಹೆಣ್ಣು ನೋಡಲು ಬಂದ ಹಿರಿಯಳ ಗತ್ತಿನಲ್ಲಿ ರೂಪಾಲಿಯನ್ನೇ ದಿಟ್ಟಿಸುತ್ತಿತ್ತು.

ನಾನು ದುಪಟ್ಟಾ ಬಾಯಿಗೆ ತುರುಕಿ ಜೋರಾಗಿ ಕೆಮ್ಮಿದೆ. ಸೋನುಬಾಯಿ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಓಡಿದಳು. ರೂಪಾಲಿ ಮಾತ್ರ ಖೊಳ್ಳೆಂದು ನಕ್ಕಳು. ನಕ್ಕ ರಭಸಕ್ಕೆ ಕೈಯ ತಟ್ಟೆ ಅಲುಗಾಡಿ ಪೇಢೆಗಳು ಬೀಗರ ಕಾಲ ಬಳಿ ಉರುಳಿದವು. ನಗು ನಿಲ್ಲುವ ಲಕ್ಷಣವೇ ಕಾಣಲಿಲ್ಲ.

ಕಾಶಿರಾಮ ಕಣ್ಣು ತೆರೆದರು. ಆ ಹರಾಮಖೋರ ಮಂಗ ಅಷ್ಟರಲ್ಲಿ ಮಾಯ! ಅವರಿಗೆ ಕಂಡದ್ದು ಖಾಲಿ ಬೆಳಕಿಂಡಿ ಮತ್ತು ನಗುವ ಹುಡುಗಿ.

"ಸತ್ತಾಕಿ ಹೆಸರಿಗಿ ನಗ್ತೀಯಾ?" ಎಂದರು. ತಂದ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ನಡೆದೇಬಿಟ್ಟರು. ಅಶೋಕಕುಮಾರ ಮೂರು ಸಲ ಹಿಂತಿರುಗಿ ನೋಡುತ್ತ ಅವರ ಹಿಂದೆ ಹೋದ.

ಎರಡು ದಿನದ ಮೇಲೆ ಹೇಳಿಕಳಿಸಿದರು: ಹುಡುಗಿ ಹುಡಗಿಗೆ ಬಂದು ತಪ್ಪಾಯಿತೆನ್ನಬೇಕು, ಇಲ್ಲದಿದ್ದರೆ ಸಂಬಂಧ ಮುರಿದಂತೆ.

"ನಾ ಯಾಕನ್ಲಿ? ನಾ ನಕ್ಕಿಲ್ಲ, ನಗು ಬಂತು. ಸೀನು ಬಂದ್ರ ಯಾರರ ತಪ್ಪಾತು ಅಂತಾರೇನು?" ಎಂದು ರೂಪಾಲಿ ನನ್ನ ಪಾಠವನ್ನೇ ನನಗೆ ಒಪ್ಪಿಸಿದಳು.

"ಮಂಗ್ಯಾ ಇತ್ತು ಅಂತರ ಹೇಳು."

"ನಿಮ್ಮ ಹೆಣ್ತಿ ಅದಾಳಂದ್ರಿ, ನೋಡಿದ್ರ ಮಂಗ್ಯಾ ಇತ್ತು ಅಂತ ಹ್ಯಾಂಗ ಹೇಳ್ಲಿ ಟೀಚರ್?"

ಅದೂ ಹೌದು.

ಭಾನುವಾರ ಬೆಳಿಗ್ಗೆ ಸೋನುಬಾಯಿ ನಮ್ಮಿಬ್ಬರನ್ನೂ ಎಳೆದುಕೊಂಡು ಹೊರಟಳು. ಹುಮನಾಬಾದಿನವರೆಗೆ ಬಸ್ಸು, ಅಲ್ಲಿಂದ ಹುಡಗಿಗೆ ಸೀಟಿಗಿಷ್ಟೆಂದು ಓಡುವ ಆಟೋ. "ಒಂದ ಮಾತು. ತಪ್ಪಾತ್ರಿ ಕಾಕಾ. ಅನ್ನು ನೋಡೋಣ" ಎಂದು ಸೋನುಬಾಯಿ ತಾಲೀಮು ಶುರುಮಾಡಿದಳು. ರೂಪಾಲಿ ಒಮ್ಮೆ ಅಳುವ ದನಿಯಲ್ಲಿ ಅಂದಳು, ಒಮ್ಮೆ ಬಸ್ ಕಂಡಕ್ಟರನ ದನಿಯಲ್ಲಿ, ಒಮ್ಮೆ ನನ್ನದೇ ದನಿಯಲ್ಲಿ. ಆಟೋದವನೂ ನಗತೊಡಗಿದ, ಹ್ಯಾಂಡಲ್ ವಾಲಾಡಿತು. ನಾನು ಇಬ್ಬರಿಗೂ ಬೈದೆ. ಊರು ಹತ್ತಿರವಾದಂತೆ ಮಾತ್ರ ಹುಡುಗಿ ನನ್ನ ಕೈ ಹಿಡಿದುಕೊಂಡಳು.

"ಟೀಚರ್, ಅಲ್ಲಿ ಮತ್ತ ನಗು ಬಂದ್ರ? ಅವರಿಲ್ಲಂದ್ರ ನನಗ ಬದುಕಾಕ ಆಗಂಗಿಲ್ರಿ."

ಕಾಶಿರಾಮ ಹೆಂಡತಿಯ ಹಾರ ಹಾಕಿದ ಫೋಟೋದ ಕೆಳಗೆ ಕುಳಿತಿದ್ದರು. ಅಶೋಕಕುಮಾರ ಕಂಬಕ್ಕೆ ಆತು ನಿಂತಿದ್ದ, ಮುಖ ಸಪ್ಪಗಾಗಿತ್ತು. ರೂಪಾಲಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ "ತಪ್ಪಾತ್ರಿ ಕಾಕಾ" ಎಂದಳು. ಹಿರಿಯರ ಹಣೆಯ ಗಂಟು ಸಡಿಲಿತು. "ಆತು ಬಿಡವ್ವ" ಎಂದು ಅವರು ಇನ್ನೇನು ಚಹಾ ತರಿಸಬೇಕು, ಅಷ್ಟರಲ್ಲಿ ಮೂವತ್ತೊಂದು ವರ್ಷದ ಚಟ ನನ್ನ ನಾಲಿಗೆ ಹಿಡಿಯಿತು.

"ತಪ್ಪಾತು ಅಂದ್ರ ಸಾಲಂಗಿಲ್ಲ. ತಪ್ಪು ತಾನ ಆತೇನು? ಆ ವಾಕ್ಯದಾಗ ಮಾಡಿದವರು ಎಲ್ಲಿ ಅದಾರ?"

ಸೋನುಬಾಯಿ ನನ್ನ ತೊಡೆ ಚಿವುಟಿದ ಗುರುತು ಎಂಟು ದಿನ ಇತ್ತು. ಹೋಗಲಿ, ನನಗೆ ಅದು ಬೇಕಿತ್ತು.

ಕಾಶಿರಾಮ ಮತ್ತೆ ನೆಟ್ಟಗಾದರು. "ಅಕ್ಕೋರು ಹೇಳೋದು ಬರೋಬ್ಬರಿ ಅದ. ಮಾಡಿದವರು ಯಾರವ್ವ?"

"ಯಾರೂ ಮಾಡಿಲ್ರಿ. ನಗು ಬಂತು."

"ನನಗೂ ಸಿಟ್ಟು ಬಂತು. ಎದ್ದು ಬಂದೆ."

"ನೋಡ್ರಿ ಮತ್ತ! ನಿಮಗೂ ಬಂತು. ನೀವು ಮಾಡಿದ್ದಲ್ಲ."

"ಬಂದಿದ್ದು ಸಿಟ್ಟು. ಎದ್ದು ಬಂದಾವ ನಾ. ಸಿಟ್ಟಿಗಿ ಕಾಲು ಅದಾವೇನು?"

ನನ್ನ ಕ್ಲಾಸಿನಲ್ಲಿ ಇಷ್ಟು ಚೆಂದದ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ರೂಪಾಲಿ ತಡಬಡಿಸಿದಳು. "ಬಾಯಿ ನಕ್ಕಿತ್ರಿ. ನಾ ಒಳಗ ಕುಂತು ಬ್ಯಾಡ ಬ್ಯಾಡ ಅನ್ನಾಕತ್ತಿದ್ದೆ."

"ಹೌದಾ? ಹಂಗಾದ್ರ ಈ ಮನಿಗಿ ಸೊಸಿ ಆಗಿ ಬರೋರು ಯಾರು? ಬಾಯೋ, ಒಳಗ ಕುಂತಾಕಿಯೋ?"

ನನಗೆ ಹೊಟ್ಟೆಯೊಳಗಿಂದ ನಗು ಏಳುತ್ತಿತ್ತು. ಸೋನುಬಾಯಿ ಸೆರಗು ಕಚ್ಚಿದ್ದಳು. ರೂಪಾಲಿಯ ತುಟಿಯೂ ಅದುರತೊಡಗಿತ್ತು. ಆಗ ಅಶೋಕಕುಮಾರ ಕಂಬ ಬಿಟ್ಟು ಮುಂದೆ ಬಂದ.

"ನಗು ಬಂತು, ನಿಂದಲ್ಲ. ಆತು. ಬಸ್ ಸ್ಟ್ಯಾಂಡಿನ್ಯಾಗ ಮನಸಾಗ್ಯಾದ ಅಂದಿದ್ದಿಯಲ್ಲ, ಅದೂ ತಾನ ಬಂದಿದ್ದೇನು? ನಾಳಿ ತಾನ ಎದ್ದು ಹೋದ್ರ ನಾ ಯಾರನ್ನ ಕೇಳ್ಲಿ, ರೂಪಾಲಿ?"

ನಗು ಎಲ್ಲರಲ್ಲೂ ಸತ್ತುಹೋಯಿತು. ನನಗೆ ನಾಚಿಕೆಯಾಯಿತು, ಹನ್ನೆರಡು ವರ್ಷದ ಹುಡುಗಿಗೆ ತಪ್ಪಿಸಿಕೊಳ್ಳುವ ಕಿಂಡಿ ತೋರಿಸಿ ಬೆನ್ನು ತಟ್ಟಿದವಳು ನಾನೇ ತಾನೆ? ರೂಪಾಲಿ ತನ್ನ ಎರಡೂ ಕೈ ನೋಡಿಕೊಂಡಳು.

"ನಗು ಬಂದಿದ್ದು ಖರೆ ಕಾಕಾ," ಎಂದಳು. "ಆದ್ರ ಸೆರಗು ಇತ್ತು, ಬಾಯಿ ಮುಚ್ಚಿಕೋಬಹುದಿತ್ತು. ಮುಚ್ಚಿಕೊಳ್ಳಲಿಲ್ಲ. ಮಜಾ ಅನಿಸಿತ್ತು, ಬಿಟ್ಟಬಿಟ್ಟೆ. ನಾ ನಕ್ಕೆ. ತಪ್ಪು ನಾ ಮಾಡೀನಿ." ಆಮೇಲೆ ಅವನ ಕಡೆ ತಿರುಗಿದಳು. "ಮನಸು ತಾನ ಆತು, ಅದಕ್ಕ ನಾ ಏನೂ ಮಾಡಿಲ್ಲ. ಆದ್ರ ಮರುದಿನದಿಂದ ಎರಡು ರೊಟ್ಟಿ ಹೆಚ್ಚಿಗಿ ಕಟ್ಟಿಕೊಂಡು ಬಂದಾಕಿ ನಾ. ನಿಮ್ಮನ್ನ ನಾ ಮೆಚ್ಚೀನಿ. ನಾನ."

ಪ್ರಥಮಾ ವಿಭಕ್ತಿ! ನನ್ನ ಕಣ್ಣಿಗೆ ನೀರು ಬಂತು. ಇಲ್ಲ, ಸರಿಯಾಗಿ ಬರೆಯುತ್ತೇನೆ: ನಾನು ಅತ್ತುಬಿಟ್ಟೆ.

ಕಾಶಿರಾಮ ಕೇಳಿದರು. "ಯಾಕ ನಕ್ಕಿ, ಅದನ್ನರ ಹೇಳು."

ಇನ್ನು ಮುಚ್ಚಿಡುವುದೇನು? "ನೀವು ಬೆರಳು ತೋರಿಸಿದಲ್ಲಿ ಮಂಗ್ಯಾ ಕುಂತಿತ್ರಿ" ಎಂದಳು ರೂಪಾಲಿ.

ಅವರ ಮುಖ ಕಲ್ಲಾಯಿತು. ನನಗೆ ತಡೆಯಲಾಗಲಿಲ್ಲ. "ಕಾಶಿರಾಮ ಅವರ, ನಾನೂ ನಕ್ಕೀನ್ರಿ. ಅದು ಕೆಮ್ಮಲ್ಲ" ಎಂದೆ. "ನಾ ಅಡಗಿಮನ್ಯಾಗ ಹೋಗಿ ನಕ್ಕೆ ಬೀಗರ, ಹಾಲು ಗೀಲು ಏನೂ ಇದ್ದಿಲ್ಲ" ಎಂದಳು ಸೋನುಬಾಯಿ. ಕೊನೆಗೆ ಅಶೋಕಕುಮಾರ ಕಿವಿ ತುರಿಸಿಕೊಳ್ಳುತ್ತ, "ಅಪ್ಪಾ, ನಾನೂ ನೋಡಿದ್ದೆ. ಬಸ್ಸಿನ್ಯಾಗ ಕಿಡಕಿ ಕಡಿ ತಿರುಗಿ ನಕ್ಕೆ" ಎಂದ.

"ಹೌದಾ ಮಗನ!" ಎಂದು ರೂಪಾಲಿ ನಾಲಿಗೆ ಕಚ್ಚಿಕೊಂಡಳು.

ಕಾಶಿರಾಮ ಒಬ್ಬೊಬ್ಬರನ್ನೇ ನೋಡಿದರು. ನಿಧಾನವಾಗಿ ಕೇಳಿದರು. "ಏನ ಮಾಡಾಕತ್ತಿತ್ತು ಅದು?"

"ಶೇಂಗಾ ತಿನ್ನಾಕತ್ತಿತ್ರಿ," ಎಂದಳು ರೂಪಾಲಿ ಹೆದರುತ್ತ. "ಸಿಪ್ಪಿ ನಮ್ಮ ಮ್ಯಾಲ ಉಗಳಾಕತ್ತಿತ್ರಿ."

ಅವರು ತಿರುಗಿ ಫೋಟೋದ ಕಡೆ ನೋಡಿದರು. "ಶೇಂಗಾ ಸಿಪ್ಪಿ ಕಂಡಲ್ಲಿ ಉಗುಳಬ್ಯಾಡ ಅಂತ," ಎಂದರು, ದನಿ ನಡುಗಿತು, "ಮೂವತ್ತು ವರ್ಷ ಹೇಳೀನಿ ಇಕಿಗಿ. ಕೇಳಿದ್ರ ಅಲ್ಲ!"

ಅಳುತ್ತಾರೆಂದುಕೊಂಡೆವು. ಹೆಗಲು ಅಲುಗಾಡಿತು, ಹೊಟ್ಟೆ ಅಲುಗಾಡಿತು, ಆಮೇಲೆ ಮನೆಯೇ ಅಲುಗಾಡುವಂತೆ ನಕ್ಕರು. ನಾವೂ ನಕ್ಕೆವು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ಅಶೋಕಕುಮಾರ ಮಾತ್ರ ಅಪ್ಪನನ್ನೇ ನೋಡುತ್ತ ನಿಂತಿದ್ದ. ವರ್ಷದಿಂದ ಆ ಮನೆಯಲ್ಲಿ ಆ ಸದ್ದು ಕೇಳಿರಲಿಲ್ಲವಂತೆ.

ಕಾಶಿರಾಮ ಟವೆಲಿನಿಂದ ಕಣ್ಣೊರೆಸಿಕೊಂಡು ನನಗೆ ಕೈಮುಗಿದರು. "ಮಾಫ್ ಮಾಡ್ರಿ ಅಕ್ಕೋರ, ನಗು ಬಂತು..." ಎಂದವರು ತಪ್ಪು ಬರೆದ ಹುಡುಗನಂತೆ ತಡೆದರು. ಫೋಟೋದ ಕಡೆ ತಿರುಗಿದರು.

"ಇಲ್ಲ. ನಾ ನಕ್ಕೆ. ಕೇಳಿಸಿತಾ? ನೀ ಹೋದ ಮ್ಯಾಲ ಇವತ್ತ ನಾ ನಕ್ಕೆ."

ಸ್ವಲ್ಪ ಹೊತ್ತಿನ ಮೇಲೆ ರೂಪಾಲಿಯನ್ನು ಕರೆದು, ಒಳಗೆ ಡಬ್ಬಿಯಲ್ಲಿ ಹುರಿದ ಶೇಂಗಾ ಇದೆ, ತೆಗೆದುಕೊಂಡು ಬಾ ಎಂದರು. ಅವಳು ತಂದಳು. ಎಲ್ಲರೂ ಸುತ್ತ ಕುಳಿತೆವು.

"ಸಿಪ್ಪಿ ಎಲ್ಲಿ ಬೇಕಲ್ಲಿ ಉಗಳವ್ವ," ಎಂದರು ಕಾಶಿರಾಮ. "ನಾ ಕಸಾ ಹೊಡೀತೀನಿ."