ಎಡಕ್ಕೆ ತಿರುಗುವ ಮೆಟ್ಟಿಲು

"ಅಯ್ಯಯ್ಯೋ, ಬಲಗಡೆ ಹೋಗ್ಬೇಡ ಮಾರಾಯ, ಅಲ್ಲಿ ಮೊಸಳೆ ಇದೆ!"

ಕೂಗಿದವನು ಹುಲಿಯಪ್ಪ. ಕೂಗಿದ ಮೇಲೆ ಟವೆಲನ್ನು ಬಾಯಿಗೆ ಒತ್ತಿಕೊಂಡ. ರುದ್ರಭೂಮಿಯ ಕುಣಿಯೊಳಗೆ ಗುದ್ದಲಿ ಹಿಡಿದಿದ್ದ ಪುಟ್ಟಯ್ಯ ಒಂದು ಆಳೆತ್ತರ ಹಾರಿದ. ಮೂವತ್ತು ವರ್ಷದಲ್ಲಿ ಅರ್ಧ ಭದ್ರಾವತಿಯನ್ನೇ ಮಣ್ಣಿಗೆ ಸೇರಿಸಿದ್ದ ಅವನಿಗೆ ಕುಣಿಯಲ್ಲಿ ಮೊಸಳೆ ಇರುವ ಸುದ್ದಿಯನ್ನು ಯಾರೂ ಹೇಳಿರಲಿಲ್ಲ.

ಅಂಚಿಗೆ ಬಂದು ಇಣುಕಿದ ಗಣಪಯ್ಯ ಮೇಷ್ಟ್ರ ಮುಖ ವಿಭೂತಿಗಿಂತ ಬೆಳ್ಳಗಾಯಿತು. ಮೂರು ಮೆಟ್ಟಿಲು, ಆಮೇಲೊಂದು ಓಣಿ, ಬಲಕ್ಕೆ ಮುಚ್ಚಿದ ಮೂಲೆ, ಎಡಕ್ಕೆ ತಿರುವು.

"ಹುಲಿಯಪ್ಪ, ಇದು ಶಿವಮೂರ್ತಪ್ಪನ ಗುಹೆ ಕಣೋ! ಹೋದ ಭಾನುವಾರದ ಆಟದಲ್ಲಿ ಮೊಸಳೆ ನಿನ್ನ ಕಾಲು ತಿಂದಿದ್ದು ಇಲ್ಲೇ!"

"ಇದೇ ಮೇಷ್ಟ್ರೇ. ನನ್ನಿಂದ ತಪ್ಪಾಗೋಯ್ತು."

ತಪ್ಪು ಇಷ್ಟೇ. ಸತ್ತವರನ್ನು ಕೂರಿಸಿ ಹೂಳುವ ಲಿಂಗಾಯತರಲ್ಲಿ ಕುಣಿ ತೋಡುವುದು ಸತ್ತವರ ಪಾದದ ಅಳತೆಯಲ್ಲೇ. ಬೆಳಿಗ್ಗೆ ಹುಲಿಯಪ್ಪ ಅಳುತ್ತಲೇ ತೀರಿಕೊಂಡ ಗೆಳೆಯ ಶಿವಮೂರ್ತಪ್ಪನ ಪಾದಕ್ಕೆ ಟೇಪು ಹಿಡಿದು, ಮೇಜಿನ ಮೇಲೆ ಸಿಕ್ಕಿದ ಗ್ರಾಫ್ ಹಾಳೆಯ ಹಿಂದೆ ಅಳತೆ ಗೀಚಿ ಪುಟ್ಟಯ್ಯನಿಗೆ ಕಳಿಸಿದ್ದ. ಪುಟ್ಟಯ್ಯ ಹಾಳೆಯನ್ನು ತಿರುಗಿಸಿ ನೋಡಿದ. ಕಾರ್ಖಾನೆಯ ಡ್ರಾಫ್ಟ್ಸ್‌ಮನ್ ಶಿವಮೂರ್ತಪ್ಪನ ಕೈಯ ನಕ್ಷೆ, ಕೆಳಗೆ 'ಒಂದು ಚೌಕಕ್ಕೆ ಒಂದು ಪಾದ' ಎಂಬ ಒಕ್ಕಣೆ. ಸಾಹೇಬರು ಸಾಯುವ ಮುಂಚೆ ತಮ್ಮ ಕುಣಿಯನ್ನೂ ತಾವೇ ಬರೆದಿಟ್ಟಿದ್ದಾರೆಂದು ಕೈ ಮುಗಿದು ತೋಡಿಬಿಟ್ಟಿದ್ದ.

*

ಹನ್ನೊಂದು ವರ್ಷದ ಹಿಂದೆ, ತೊಂಬತ್ಮೂರರಲ್ಲಿ, ಶಿವಮೂರ್ತಪ್ಪ ಶಿವಮೊಗ್ಗದ ಗಾಂಧಿ ಬಜಾರಿನ ಹಳೇ ಪುಸ್ತಕದ ರಾಶಿಯಿಂದ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ತಂದ. ಅದೊಂದು ಆಟ. ಒಬ್ಬನ ಬಳಿ ನಕ್ಷೆ ಇರುತ್ತದೆ. ಉಳಿದವರು ಕಳ್ಳನೋ, ಸೈನಿಕನೋ, ಮಂತ್ರವಾದಿಯೋ ಆಗಿ ಆ ನಕ್ಷೆಯೊಳಗೆ ಬಾಯಲ್ಲೇ ನಡೆಯುತ್ತಾರೆ. ಗೆದ್ದರೋ ಬಿದ್ದರೋ ದಾಳ ಹೇಳುತ್ತದೆ.

ಅಂದಿನಿಂದ ಓಲ್ಡ್ ಟೌನಿನ ಅವನ ಮನೆಯಲ್ಲಿ ಭಾನುವಾರ ಮೂರು ಗಂಟೆಗೆ ಒಂದು ಸಾಮ್ರಾಜ್ಯವೇ ಏಳುತ್ತಿತ್ತು. ಶಿವಮೂರ್ತಪ್ಪ ಬರೆದ ನಕ್ಷೆಗಳನ್ನು ಸಾಲಾಗಿ ಹಾಸಿದ್ದರೆ ಭದ್ರಾ ನದಿಯನ್ನು ಕಾಲು ನೆನೆಯದಂತೆ ಏಳು ಸಲ ದಾಟಬಹುದಿತ್ತು. ಅವನು ಬರೆದ ನದಿಗೆ ನೊಣ ನೀರು ಕುಡಿಯಲು ಬರುತ್ತಿತ್ತು. ಅಮರಕೋಶವನ್ನು ಬಾಯಿಪಾಠ ಹೇಳುವ ಗಣಪಯ್ಯ ಮೇಷ್ಟ್ರು ಅಲ್ಲಿ ಕಳ್ಳ. ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಹುಲಿಯಪ್ಪ ಮಂತ್ರವಾದಿ. ನಡೆದಷ್ಟು ದಾರಿ ಮಾತ್ರ ಕಾಣುವಂತೆ ಶಿವಮೂರ್ತಪ್ಪ ಉಳಿದ ನಕ್ಷೆಯ ಮೇಲೆ ರಟ್ಟು ಮುಚ್ಚಿರುತ್ತಿದ್ದ.

ಹೆಂಡತಿ ಶಂಕರಮ್ಮ ಮಂಡಕ್ಕಿ ತಂದಿಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದಳು.

"ಆ ರಟ್ಟಿನ ಕೆಳಗೆ ಏನಿದೇರಿ?"

"ಕೂತು ಆಡಿದ್ರೆ ಗೊತ್ತಾಗುತ್ತೆ. ಆಡದವರಿಗೆ ತೋರಿಸೋ ಹಾಗಿಲ್ಲ."

"ನಿಮ್ಮ ಜೊತೆ ಗುಹೆ ಹೊಕ್ಕರೆ ಒಲೆ ಮೇಲಿನ ಅನ್ನ ಯಾರು ಇಳಿಸ್ತಾರೆ?"

ಮೂವರೂ ನಗುತ್ತಿದ್ದರು. ಅವಳೂ ನಕ್ಕು ಒಳಗೆ ಹೋಗುತ್ತಿದ್ದಳು. ಹನ್ನೊಂದು ವರ್ಷ ಒಂದು ಭಾನುವಾರವೂ ಅವಳು ಕೂರಲಿಲ್ಲ.

*

ಹೂವಿನ ಮಂಟಪದಲ್ಲಿ ಕೂತ ಶಿವಮೂರ್ತಪ್ಪ ರುದ್ರಭೂಮಿಗೆ ಬಂದಾಗ ಸಂಜೆ ಐದು. ಕ್ರಿಯೆ ನಡೆಸುವ ಅಯ್ಯನವರು ಕುಣಿ ನೋಡಿ ಹೌಹಾರಿದರು.

"ಇದೇನ್ರೀ, ಕುಣಿಯೋ ಕೋಟೆಯೋ? ಮುಚ್ಚಿಸಿ. ಬೇರೆ ತೋಡಿಸಿ."

"ನಾಕು ತಾಸು ಬೇಕು ಬುದ್ಧಿ. ಅಷ್ಟೊತ್ತಿಗೆ ಹೊತ್ತು ಮುಳುಗಿರ್ತದೆ," ಎಂದ ಪುಟ್ಟಯ್ಯ.

ಹೊತ್ತು ಮುಳುಗಿದರೆ ಹೆಣವನ್ನು ಮನೆಗೆ ವಾಪಸು ಒಯ್ಯಬೇಕು. ನೆಂಟರ ಗುಜುಗುಜು ಕಾರ್ಖಾನೆಯ ಸೈರನ್ನಿಗಿಂತ ಜೋರಾಯಿತು. "ಬದುಕಿದ್ದಾಗ್ಲೂ ಆಟ, ಸತ್ತ ಮೇಲೂ ಆಟ," ಎಂದಳು ಒಬ್ಬಳು. ಹುಲಿಯಪ್ಪ ಶಂಕರಮ್ಮನ ಎದುರು ಕುಸಿದ.

"ಅತ್ತಿಗೆ, ನಂಗೆ ಚಪ್ಪಲೀಲಿ ಹೊಡೀರಿ. ಅವನಿಗೊಂದು ನೆಟ್ಟಗಿನ ಜಾಗ ಕೊಡೋಕೂ ನನ್ನ ಕೈಲಿ ಆಗ್ಲಿಲ್ಲ."

ಶಂಕರಮ್ಮ ಅವನನ್ನು ನೋಡಲಿಲ್ಲ. ಅವಳ ಕಣ್ಣು ಕುಣಿಯ ಕಡೆಗಿತ್ತು.

"ಮೇಷ್ಟ್ರೇ, ಎಡಗಡೆ ಏನಿದೆ?"

"ಗೊತ್ತಿಲ್ಲಮ್ಮ. ಅಲ್ಲೀವರೆಗೆ ನಮ್ಮನ್ನ ಅವನು ಕರ್ಕೊಂಡು ಹೋಗ್ಲೇ ಇಲ್ಲ."

"ಒಂದು ಕೋಣೆ ಐತೆ ಅಮ್ಮಾ," ಎಂದ ಪುಟ್ಟಯ್ಯ. "ಕೂರೋಕೆ ಎರಡು ಕಟ್ಟೆ."

"ಎರಡ್ಯಾಕೆ ಮಾಡ್ದೆ?"

"ಕಾಗದದಾಗೆ ಎರಡು ಬರ್ದಿದ್ರು."

ಶಂಕರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಯ್ನೋರೇ, ದಿಕ್ಕು ಸರಿ ಇದ್ಯಾ ನೋಡಿ. ಇಲ್ಲೇ ಕೂರಿಸೋಣ."

ಅಯ್ಯನವರು ಸೂರ್ಯನನ್ನೂ ಕುಣಿಯನ್ನೂ ಮೂರು ಸಲ ನೋಡಿದರು. ನಕ್ಷೆಯ ಬಾಣವನ್ನು ಪುಟ್ಟಯ್ಯ ಕರಾರುವಾಕ್ಕಾಗಿ ಉತ್ತರಕ್ಕಿಟ್ಟು ತೋಡಿದ್ದ. ಕೋಣೆಯ ಬಾಯಿ, ಶಾಸ್ತ್ರ ಹೇಳುವಂತೆ, ಉತ್ತರಕ್ಕೇ ಇತ್ತು. ಅವರ ಗಂಟಲಿನಿಂದ "ಹೂಂ" ಎಂಬ ಸದ್ದು ಬಂತು.

ಟನ್ನುಗಟ್ಟಲೆ ಕಬ್ಬಿಣವನ್ನು ಮೊಟ್ಟೆ ಇಟ್ಟಂತೆ ಇಳಿಸಿದ ಹುಲಿಯಪ್ಪ ಅವತ್ತು ಗೆಳೆಯನನ್ನು ಅದಕ್ಕಿಂತ ಮೆಲ್ಲಗೆ ಇಳಿಸಿದ. ಓಣಿಯಲ್ಲಿ ಎಡಕ್ಕೆ ತಿರುಗಿಸಿ, ಕೋಣೆಯ ಒಂದು ಕಟ್ಟೆಯ ಮೇಲೆ ಕೂರಿಸಿ ಮೇಲೆ ಬಂದ. ಗಣಪಯ್ಯ ಮೇಷ್ಟ್ರು ಮಣ್ಣು ಹಿಡಿದು ನಿಂತಿದ್ದರು.

"ತಡೀರಿ," ಎಂದಳು ಶಂಕರಮ್ಮ.

"ಹೆಂಗಸರು ಇಳಿಯೋ ಹಾಗಿಲ್ಲಮ್ಮ..." ಎಂದು ಅಯ್ಯನವರು ಹೇಳುವಷ್ಟರಲ್ಲಿ ಅವಳು ಎರಡನೇ ಮೆಟ್ಟಿಲಿನಲ್ಲಿದ್ದಳು. ಓಣಿಯ ಕೊನೆಯಲ್ಲಿ ಒಂದು ಗಳಿಗೆ ನಿಂತಳು. ಬಲಕ್ಕೆ ನೋಡಿದಳು. ಸೊಂಟದ ಸೆರಗು ಬಿಡಿಸಿ ತಲೆಗೆ ಹೊದ್ದು ಎಡಕ್ಕೆ ತಿರುಗಿದಳು.

ಮೇಲೆ ನಿಂತವರಿಗೆ ಕಂಡದ್ದು ಎರಡು ತಲೆ, ಪಕ್ಕಪಕ್ಕದಲ್ಲಿ. ಒಂದರ ಮೇಲೆ ಪೇಟ, ಇನ್ನೊಂದರ ಮೇಲೆ ಸೆರಗು. ಮೇಷ್ಟ್ರ ಮುಷ್ಟಿಯ ಮಣ್ಣು ಬೆರಳ ಸಂದಿಯಿಂದ ಅವರದೇ ಪಾದದ ಮೇಲೆ ಸುರಿಯುತ್ತಿತ್ತು. ಯಾರೂ ಅವಳನ್ನು ಕರೆಯಲಿಲ್ಲ.